ಊರಿಗೆಲ್ಲ ಒಂದೇ ಹಂಡೆ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ವಿದೇಶ ಪುಟದಲ್ಲಿ ಕಳೆದ ವಾರ ಡೆನ್ಮಾರ್ಕಿನ ಎಸ್ಬ್ಯೆರ್ ನಗರದ ಬಗ್ಗೆ ಒಂದು ಸಣ್ಣ ಸುದ್ದಿ ಬಂದಿತ್ತು. ಕಡಲ ನೀರಿನಿಂದ ವಿದ್ಯುತ್ ತಯಾರಿಸಿ ಊರನ್ನು ಬೆಚ್ಚಗಿಡುವ ಯಂತ್ರ, ಜಗತ್ತಿನಲ್ಲೇ ಮೊದಲನೆಯದು ಎಂದು ಅದರಲ್ಲಿ ಇತ್ತು. ಆ ಎರಡು ಮಾತೂ ಸರಿಯಲ್ಲ. ನಾನು 34 ವರ್ಷ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ದುಡಿದವನು. ಎಸ್ಬ್ಯೆರ್‌ನಲ್ಲಿ ಮಗಳ ಮನೆಯಲ್ಲಿ ಎರಡು ಚಳಿಗಾಲ ಕಳೆದವನು. ಆ ಯಂತ್ರವೂ ನಮ್ಮ ಬಂದರಿನ ಯಂತ್ರವೂ ಒಂದೇ ಕುಲದವು ಎಂದು ಬಲ್ಲೆ. ಆದ್ದರಿಂದ ಸುಮ್ಮನಿರಲು ಮನಸ್ಸಾಗಲಿಲ್ಲ. ಪತ್ರ ಉದ್ದವಾದರೆ ಕ್ಷಮಿಸಬೇಕು.

ಎಸ್ಬ್ಯೆರ್‌ನ ಯಂತ್ರ ವಿದ್ಯುತ್ ಕೊಡುವುದಿಲ್ಲ, ವಿದ್ಯುತ್ತನ್ನು ಬಳಸಿಕೊಳ್ಳುತ್ತದೆ. ಕೊಡುವುದು ಶಾಖ. ಕಡಲ ನೀರಿನಲ್ಲಿರುವ ಶಾಖವನ್ನು ಹೀರಿ, ಅದನ್ನು ಇನ್ನಷ್ಟು ಏರಿಸಿ, ಬಿಸಿನೀರಾಗಿ ಊರಿಗೆ ಕಳುಹಿಸುತ್ತದೆ. ಹೀಟ್ ಪಂಪ್ ಎಂದು ಹೆಸರು. ರಸ್ತೆಗಳ ಅಡಿಯಲ್ಲಿ ಜೋಡಿ ಕೊಳವೆಗಳು ಹೋಗಿವೆ. ಒಂದರಲ್ಲಿ ಬಿಸಿನೀರು ಬರುತ್ತದೆ, ಇನ್ನೊಂದರಲ್ಲಿ ಆರಿದ ನೀರು ಮರಳುತ್ತದೆ. ಶಾಲೆ, ಗ್ರಂಥಾಲಯ, ಕಚೇರಿ, ಈಜುಕೊಳ, ಮನೆ, ಎಲ್ಲವೂ ಅದೇ ಕೊಳವೆಗೆ ಸೇರಿಕೊಂಡಿವೆ. ನಮ್ಮ ಕಡೆ ಬಚ್ಚಲಲ್ಲಿ ತಾಮ್ರದ ಹಂಡೆಗೆ ನೀರು ತುಂಬಿ, ಕೆಳಗೆ ತೆಂಗಿನ ಸಿಪ್ಪೆ ಉರಿಸುತ್ತೇವಲ್ಲ, ಹಾಗೆ ಅಲ್ಲಿ ಊರಿಗೆಲ್ಲ ಒಂದೇ ಹಂಡೆ. ಮನೆಮನೆಗೆ ಒಲೆ ಇಲ್ಲ, ಹೊಗೆ ಇಲ್ಲ. ಇದಕ್ಕೆ ಅವರು ಕೊಟ್ಟ ಹೆಸರಿನ ಅರ್ಥ 'ದೂರದ ಬಿಸಿ'. ಡೆನ್ಮಾರ್ಕಿನ ಮೂರರಲ್ಲಿ ಎರಡು ಪಾಲು ಮನೆಗಳು ಬೆಚ್ಚಗಾಗುವುದು ಹೀಗೆಯೇ.

ಮೊದಲ ಸಲ ನಾನು ಹೋದದ್ದು 2019ರ ಜನವರಿಯಲ್ಲಿ. ಅಳಿಯ ಗಾಳಿಯಂತ್ರದ ಕಂಪನಿಯಲ್ಲಿ ಎಂಜಿನಿಯರ್. ಮಗಳೂ ಕೆಲಸಕ್ಕೆ ಹೋಗುತ್ತಾಳೆ. ಹಗಲೆಲ್ಲ ಮನೆಯಲ್ಲಿ ಒಬ್ಬನೇ ಕೂರಲಾರದೆ ನಡೆದು ಬಂದರಿಗೆ ಹೋಗುತ್ತಿದ್ದೆ. ಊರಿನ ಹೆಸರು ಬರೆಯುವಾಗ ಕೊನೆಗೊಂದು 'ಗ' ಇರುತ್ತದೆ, ಹೇಳುವಾಗ ಇರುವುದಿಲ್ಲ ಎಂದು ತಿದ್ದಿ ಕಲಿಸಿದ್ದು ಮೊಮ್ಮಗಳು. 1864ರ ಯುದ್ಧದಲ್ಲಿ ದಕ್ಷಿಣದ ಸೀಮೆಯನ್ನು ಕಳೆದುಕೊಂಡ ಮೇಲೆ ಡೆನ್ಮಾರ್ಕ್ ಪಶ್ಚಿಮದ ಕಡಲಿಗೆ ಹೊಸ ಬಂದರು ಬೇಕೆಂದು 1868ರಲ್ಲಿ ತೀರ್ಮಾನಿಸಿ ಕಟ್ಟಿಕೊಂಡ ಊರು ಅದು. ಒಂದು ಕಾಲಕ್ಕೆ ದೇಶದ ಅತಿ ದೊಡ್ಡ ಮೀನುಗಾರಿಕೆ ಬಂದರು. ಈಗ ದಕ್ಕೆಯಲ್ಲಿ ಮಲಗಿರುವುದು ಗಾಳಿಯಂತ್ರದ ರೆಕ್ಕೆಗಳು, ಗೋಪುರದ ತುಂಡುಗಳು. ಐಸ್ ಪುಡಿ ಮಾಡುವ ಸದ್ದಿಗಾಗಿ ನನ್ನ ಕಿವಿ ತಾನಾಗಿ ಹುಡುಕುತ್ತಿತ್ತು. ಕೇಳಿಸಲಿಲ್ಲ.

ಗಾಳಿ ತಡೆಯಲಾಗದೆ ಊರಿನ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಯಾರೂ ಯಾಕೆ ಬಂದೆ ಎಂದು ಕೇಳುವುದಿಲ್ಲ. ಭಾಷೆ ಬಾರದವನಿಗೂ ಚಿತ್ರದ ಪುಸ್ತಕಗಳಿವೆ, ಕುರ್ಚಿ ಇದೆ. ಕಿಟಕಿಯ ಕೆಳಗೆ ಉದ್ದಕ್ಕೂ ಬಿಳಿ ಬಣ್ಣದ ತಗಡಿನ ರೇಡಿಯೇಟರ್. ಮಧ್ಯಾಹ್ನ ಶಾಲೆ ಬಿಟ್ಟ ಮಕ್ಕಳು ಬಂದು ಹಿಮದಲ್ಲಿ ನೆನೆದ ಕೈಗವಸುಗಳನ್ನು ಅದರ ಮೇಲೆ ಸಾಲಾಗಿ ಇಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಉಣ್ಣೆಯ ಹಸಿ ವಾಸನೆ ಏಳುತ್ತಿತ್ತು. ಹೊರಡುವಾಗ ಪ್ರತಿಯೊಂದು ಮಗುವೂ ಬೆಚ್ಚನೆಯ ಗವಸು ಹಾಕಿಕೊಂಡು ಹೋಗುತ್ತಿತ್ತು. ನಾನೂ ಹಳೆಯ ಅಭ್ಯಾಸದಂತೆ ಆ ಕೊಳವೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದೆ. ಐಸ್ ಪ್ಲಾಂಟಿನವನ ಕೈ ಥರ್ಮಾಮೀಟರ್ ಇದ್ದ ಹಾಗೆ. ಸುಮಾರು 50 ಡಿಗ್ರಿ. ಈ ಬಿಸಿ ಎಲ್ಲಿಂದ ಬರುತ್ತದೆ ಎಂದು ಅಳಿಯನನ್ನು ಕೇಳಿದೆ. ಬಂದರಿನ ಪಕ್ಕದ ಕಲ್ಲಿದ್ದಲು ಸ್ಥಾವರದಿಂದ, ಜೊತೆಗೆ ಕಸ ಸುಡುವ ಘಟಕದಿಂದ ಎಂದ.

ಎರಡನೆಯ ಸಲ ಹೋದದ್ದು 2025ರ ಜನವರಿಯಲ್ಲಿ. ಕಲ್ಲಿದ್ದಲು ಸ್ಥಾವರ 2024ರ ಆಗಸ್ಟ್‌ನಲ್ಲಿ ಮುಚ್ಚಿತ್ತು. ಅದರ ಜಾಗವನ್ನು ತುಂಬಿದ್ದರಲ್ಲಿ ಮುಖ್ಯವಾದದ್ದು ಕಡಲ ನೀರಿನ ಹೀಟ್ ಪಂಪ್. ನಾನು ನೇರವಾಗಿ ಗ್ರಂಥಾಲಯಕ್ಕೆ ಹೋಗಿ ಅದೇ ಕಿಟಕಿಯ ಬಳಿ ಕುಳಿತೆ. ಅದೇ ರೇಡಿಯೇಟರ್, ಅದೇ ವಾಲ್ವ್, ಅದರ ಮೂಲೆಯಲ್ಲಿ ಬಣ್ಣ ಕಿತ್ತುಹೋಗಿದ್ದ ಅದೇ ಗುರುತು. ಕೈ ಇಟ್ಟು ನೋಡಿದೆ. ಅದೇ ಬಿಸಿ. ಗವಸು ಒಣಗಿಸುತ್ತಿದ್ದ ಮಕ್ಕಳು ಮಾತ್ರ ಬೇರೆ.

ಸಂಪಾದಕರೇ, ತಮ್ಮ ಸುದ್ದಿಯಲ್ಲಿ ಬಿಟ್ಟುಹೋದದ್ದು ಇದು, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದೂ ಇದೇ. ಒಲೆ ಬದಲಾಯಿತು, ಹಂಡೆಯನ್ನು ಯಾರೂ ಮುಟ್ಟಲಿಲ್ಲ. ಯಾವ ಶಾಲೆಯ ಗೋಡೆಯನ್ನೂ ಒಡೆಯಲಿಲ್ಲ. ಯಾವ ಮುಖ್ಯೋಪಾಧ್ಯಾಯರೂ ಹೊಸ ಬಾಯ್ಲರ್‌ಗೆ ಅರ್ಜಿ ಬರೆಯಲಿಲ್ಲ. ಕಲ್ಲಿದ್ದಲು ಹೋಗಿ ಕಡಲು ಬಂದದ್ದು ಅಂಗನವಾಡಿಯಂಥ ಅವರ ಶಿಶುವಿಹಾರಗಳಿಗೆ ಗೊತ್ತೇ ಆಗಲಿಲ್ಲ. ಹಾಗಾಗಲು ಕಾರಣ ನೆಲದಡಿಯ ಕೊಳವೆ, ಮತ್ತು ಆ ಕೊಳವೆ ಊರಿನದ್ದೇ ಆಗಿರುವುದು. 1973ರ ತೈಲ ಬಿಕ್ಕಟ್ಟಿನಲ್ಲಿ ಡೆನ್ಮಾರ್ಕ್ ಬಹಳ ಪೆಟ್ಟು ತಿಂದಿತು. ಭಾನುವಾರಗಳಂದು ಕಾರು ಓಡಿಸಕೂಡದೆಂದು ನಿಷೇಧ ಹಾಕುವ ಸ್ಥಿತಿ ಬಂತು. 1979ರಲ್ಲಿ ಶಾಖ ಪೂರೈಕೆಗೆಂದೇ ಕಾನೂನು ಮಾಡಿದರು. ಎಲ್ಲೆಲ್ಲಿ ಯಾವ ಶಾಖ ಬರಬೇಕೆಂದು ಯೋಜನೆ ಹಾಕುವ ಹೊಣೆಯನ್ನು ನಗರಸಭೆಗಳಿಗೆ ಕೊಟ್ಟರು. ಶಾಖ ಮಾರಿ ಲಾಭ ಮಾಡುವಂತಿಲ್ಲ, ಖರ್ಚಿಗೆ ತಕ್ಕಷ್ಟೇ ದರ ಎಂಬ ನಿಯಮವೂ ಇದೆ. ಎಸ್ಬ್ಯೆರ್‌ನಲ್ಲಿ ಶಾಖ ಪೂರೈಸುವ ಸಂಸ್ಥೆ ಎಸ್ಬ್ಯೆರ್ ಮತ್ತು ನೆರೆಯ ವಾರ್ಡೆ ನಗರಸಭೆಗಳ ಒಡೆತನದ್ದು. ನಮ್ಮಲ್ಲಿ ಕುಡಿಯುವ ನೀರಿನ ನಲ್ಲಿಯನ್ನು ಹೇಗೆ ನೋಡುತ್ತೇವೋ ಹಾಗೆ ಅವರು ಬಿಸಿಯನ್ನು ನೋಡುತ್ತಾರೆ.

ಇನ್ನು ಯಂತ್ರದ ವಿಷಯ. ನಾಲ್ಕೈದು ಡಿಗ್ರಿಯ ಕೊರೆಯುವ ನೀರಿನಿಂದ ಬಿಸಿ ಹೇಗೆ ಬರುತ್ತದೆ ಎಂದು ಮಲ್ಪೆಯಲ್ಲಿ ನನ್ನನ್ನು ಕೇಳಿದವರು ಹಲವರು. ಅವರೆಲ್ಲ ದಿನಾ ಐಸ್ ತುಂಬಿಸಿಕೊಳ್ಳುವ ದೋಣಿಯವರೇ.

ಐಸ್ ಪ್ಲಾಂಟಿನ ಒಳಗೆ ಬಂದು ನೋಡಿ. ಕಂಪ್ರೆಸರ್‌ಗೆ ಒಳಬರುವ ಪೈಪಿನ ಮೇಲೆ ಬೆರಳು ದಪ್ಪ ಬಿಳಿ ಹಿಮ ಕಟ್ಟಿರುತ್ತದೆ. ಅದೇ ಕಂಪ್ರೆಸರ್‌ನಿಂದ ಹೊರಹೋಗುವ ಪೈಪನ್ನು ಮುಟ್ಟಿದರೆ ಕೈ ಸುಡುತ್ತದೆ. ಎರಡಕ್ಕೂ ನಡುವೆ ಒಂದು ಮಾರು ದೂರವೂ ಇಲ್ಲ. ಒಳಗೆ ಓಡುವುದು ಅಮೋನಿಯಾ. ನೀರು 100 ಡಿಗ್ರಿಗೆ ಕುದಿಯುತ್ತದೆ. ಸಾಮಾನ್ಯ ಒತ್ತಡದಲ್ಲಿ ಅಮೋನಿಯಾ ಸೊನ್ನೆಗಿಂತ 33 ಡಿಗ್ರಿ ಕೆಳಗೇ ಕುದಿಯುತ್ತದೆ. ಅಂಥದ್ದಕ್ಕೆ ಉಪ್ಪುನೀರಿನ ತೊಟ್ಟಿಯೇ ಒಲೆ. ತೊಟ್ಟಿಯ ಶಾಖವನ್ನು ಹೀರಿಕೊಂಡು ಆವಿಯಾಗುತ್ತದೆ, ಹಾಗೆ ಶಾಖ ಕಳೆದುಕೊಂಡು, ತೊಟ್ಟಿಯಲ್ಲಿ ಮುಳುಗಿಸಿಟ್ಟ ತಗಡಿನ ಕ್ಯಾನುಗಳ ನೀರು ಮಂಜುಗಡ್ಡೆಯಾಗುತ್ತದೆ. ಆವಿಯನ್ನು ಕಂಪ್ರೆಸರ್ ಅದುಮಿದಾಗ ಅದರ ಬಿಸಿ ಏರುತ್ತದೆ. ಆ ಬಿಸಿಯನ್ನು ಮಾಡಿನ ಮೇಲಿನ ಕಂಡೆನ್ಸರ್‌ನಲ್ಲಿ ನೀರು ಸುರಿದು ಗಾಳಿಗೆ ಬಿಟ್ಟುಬಿಡುತ್ತೇವೆ. ನಮಗೆ ಬೇಕಾದದ್ದು ತಂಪು ಮಾತ್ರ. ಎಸ್ಬ್ಯೆರ್‌ನವರಿಗೆ ಬೇಕಾದದ್ದು ನಾವು ಮಾಡಿನ ಮೇಲೆ ಬಿಟ್ಟುಬಿಡುವ ಆ ಇನ್ನೊಂದು ತುದಿ. ಯಂತ್ರ ಅದೇ, ಎದುರುಬದಿಯಲ್ಲಿ ನಿಂತಿದ್ದಾರೆ ಅಷ್ಟೆ.

ಮಳೆಗಾಲದ ರಾತ್ರಿ ಪಾಳಿಗೆ ನೆನೆದು ಬಂದಾಗ ನಾವು ಅಂಗಿಯನ್ನು ಆ ಬಿಸಿ ಪೈಪಿನ ಪಕ್ಕದ ಕಂಬಿಗೆ ಹರವುತ್ತಿದ್ದೆವು. ಬುತ್ತಿಯ ಡಬ್ಬವನ್ನೂ ಅದರ ಹತ್ತಿರವೇ ಇಡುತ್ತಿದ್ದೆವು. ಗ್ರಂಥಾಲಯದ ಮಕ್ಕಳ ಗವಸು ಕಂಡಾಗ ನನಗೆ ನೆನಪಾದದ್ದು ಅದೇ.

ಲೆಕ್ಕ ಹೇಳುತ್ತೇನೆ. ಎಸ್ಬ್ಯೆರ್‌ನ ಹೀಟ್ ಪಂಪಿನ ಸಾಮರ್ಥ್ಯ 60ರಿಂದ 70 ಮೆಗಾವ್ಯಾಟ್ ಶಾಖ, ಅಂದರೆ ಸುಮಾರು 25,000 ಮನೆಗಳಿಗೆ ಆಗುವಷ್ಟು. ಅದು ಸೆಕೆಂಡಿಗೆ ಸುಮಾರು 4,000 ಲೀಟರ್ ಕಡಲ ನೀರನ್ನು ಎಳೆದುಕೊಳ್ಳುತ್ತದೆ. ಇಂಥ ಯಂತ್ರಕ್ಕೆ ಒಂದು ಪಾಲು ವಿದ್ಯುತ್ ಕೊಟ್ಟರೆ ಹೆಚ್ಚುಕಡಿಮೆ ಮೂರು ಪಾಲು ಶಾಖ ಬರುತ್ತದೆ ಎಂದಿಟ್ಟುಕೊಳ್ಳಿ. 60 ಮೆಗಾವ್ಯಾಟ್‌ನಲ್ಲಿ 20 ವಿದ್ಯುತ್ತಿನದ್ದು, 40 ಕಡಲಿನದ್ದು. 4,000 ಲೀಟರ್ ನೀರನ್ನು ಒಂದು ಡಿಗ್ರಿ ತಣಿಸಿದರೆ ಸಿಗುವುದು ಸುಮಾರು 16 ಮೆಗಾವ್ಯಾಟ್. ಹಾಗಾದರೆ ಕಡಲಿನಿಂದ ಬಂದ ನೀರು ಎರಡೂವರೆ ಡಿಗ್ರಿ ತಣ್ಣಗಾಗಿ ಕಡಲಿಗೆ ಮರಳುತ್ತದೆ. ಅಷ್ಟೂ ಮನೆಗಳು ಬೆಚ್ಚಗಾಗಲು ಕಡಲು ಕೊಡುವುದು ಅಷ್ಟು. ಈ ಲೆಕ್ಕವನ್ನು ಗ್ರಂಥಾಲಯದಲ್ಲೇ ಕುಳಿತು ಹಳೆಯ ರಸೀದಿಯ ಹಿಂಬದಿಯಲ್ಲಿ ಮಾಡಿದೆ. ಮೂರು ಸಲ ಮಾಡಿದೆ, ನಂಬಿಕೆ ಬರಲಿಲ್ಲವೆಂದು.

ಇದರಲ್ಲಿ ತೊಡಕುಗಳೇ ಇಲ್ಲವೆಂದು ಹೇಳಿದರೆ ನನ್ನ ಕಸುಬಿಗೆ ದ್ರೋಹ. ನೀರು ತೀರಾ ತಣ್ಣಗಾದರೆ ಒಳಗೇ ಮಂಜುಗಡ್ಡೆ ಕಟ್ಟುವ ಭಯ ಇದ್ದೇ ಇದೆ. ಐಸ್ ಮಾಡುವವರಿಗೆ ಅದು ವರ, ಬಿಸಿ ಮಾಡುವವರಿಗೆ ಕಂಟಕ. ವಿದ್ಯುತ್ ದುಬಾರಿಯಾದ ದಿನ ಓಡಿಸುವುದು ನಷ್ಟ. ಆದ್ದರಿಂದ ಎಸ್ಬ್ಯೆರ್‌ನವರು ಎಲ್ಲವನ್ನೂ ಹೀಟ್ ಪಂಪಿನ ತಲೆಗೆ ಕಟ್ಟಿಲ್ಲ. ಮರದ ಚೂರು ಉರಿಸುವ ಬಾಯ್ಲರ್ ಇದೆ, ವಿದ್ಯುತ್ ಬಾಯ್ಲರ್ ಇದೆ, ಕಸ ಸುಡುವ ಘಟಕದ ಶಾಖ ಮೊದಲಿನಂತೆ ಬರುತ್ತಲೇ ಇದೆ. ಡೆನ್ಮಾರ್ಕಿನ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯಿಂದ ಬರುವಂಥದ್ದು. ಜೋರು ಗಾಳಿ ಬೀಸಿ ವಿದ್ಯುತ್ ಅಗ್ಗವಾದಾಗ ಹೀಟ್ ಪಂಪನ್ನು ಪೂರ್ತಿ ಓಡಿಸುತ್ತಾರೆ. ಹೊರಗೆ ಗಾಳಿ ಊಳಿಡುತ್ತಿದ್ದ ರಾತ್ರಿ ಅಳಿಯ ಮೊಬೈಲಿನಲ್ಲಿ ವಿದ್ಯುತ್ ದರ ಬಿದ್ದದ್ದನ್ನು ತೋರಿಸಿ, ಈಗ ಕಡಲು ಕೆಲಸ ಮಾಡುತ್ತಿದೆ ಮಾವ ಎಂದ.

ಅವರು ಒಳಗೆ ಅಮೋನಿಯಾ ಬಳಸಿಲ್ಲ, ಕಾರ್ಬನ್ ಡೈಆಕ್ಸೈಡ್ ಬಳಸಿದ್ದಾರೆ. ಊರಿನ ಎದುರಿಗಿರುವುದು ವಾಡನ್ ಸಮುದ್ರ. ಇಳಿತದಲ್ಲಿ ಮೈಲಿಗಟ್ಟಲೆ ಕೆಸರು ಬಯಲಾಗಿ, ಲಕ್ಷಾಂತರ ಹಕ್ಕಿಗಳು ಇಳಿಯುವ ಜಾಗ. ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಸೋರಿಕೆಯಾದರೂ ಅದಕ್ಕೆ ವಿಷ ತಾಗಬಾರದು ಎಂಬುದು ಅವರ ಎಚ್ಚರಿಕೆ. ಈ ಎಚ್ಚರಿಕೆಯ ಬೆಲೆ ನನಗೆ ಗೊತ್ತು. ನಾನು ಕೆಲಸ ಮಾಡಿದ ಪ್ಲಾಂಟ್ ಒಂದರಲ್ಲಿ ರಾತ್ರಿ ಎರಡು ಗಂಟೆಗೆ ವಾಲ್ವಿನ ಪ್ಯಾಕಿಂಗ್ ಒಡೆದು ಅಮೋನಿಯಾ ನುಗ್ಗಿತು. ಒದ್ದೆ ಬೈರಾಸು ಮುಖಕ್ಕೆ ಸುತ್ತಿಕೊಂಡು ವಾಲ್ವ್ ಮುಚ್ಚಿದೆವು. ಇಬ್ಬರ ಕಣ್ಣು ಊದಿ ಮೂರು ದಿನ ಬಿಡಲಾಗಲಿಲ್ಲ. ಆದರೂ ಅಮೋನಿಯಾ ಕೆಟ್ಟದ್ದೆಂದು ಹೇಳಲಾರೆ. ಸರಿಯಾಗಿ ನೋಡಿಕೊಂಡರೆ ಅದರಷ್ಟು ದುಡಿಯುವ ದ್ರವ ಕಡಿಮೆ.

ಅದಕ್ಕೆ ಸಾಕ್ಷಿ ನಾರ್ವೆಯ ಡ್ರಾಮನ್ ನಗರ. 2011ರಿಂದ ಅಲ್ಲಿ ಅಮೋನಿಯಾದ ಹೀಟ್ ಪಂಪ್ ಕಡಲ ಕೊಲ್ಲಿಯ ಆಳದ 8-9 ಡಿಗ್ರಿ ನೀರಿನಿಂದ ಶಾಖ ತೆಗೆದು ಊರಿನ ನೀರನ್ನು 90 ಡಿಗ್ರಿಗೆ ಏರಿಸುತ್ತಿದೆ. ಅದನ್ನು ಕಟ್ಟಿದ್ದು ಗ್ಲಾಸ್ಗೊದ ಒಂದು ರೆಫ್ರಿಜರೇಷನ್ ಕಂಪನಿ, ನಮ್ಮಂತೆ ತಂಪಿನ ಕಸುಬಿನವರೇ. ಸ್ಟಾಕ್‌ಹೋಮ್ 1980ರ ದಶಕದಿಂದಲೇ ಕಡಲ ನೀರಿನಿಂದ 180 ಮೆಗಾವ್ಯಾಟ್ ಶಾಖ ತೆಗೆಯುತ್ತಿದೆ. ಇನ್ನೂ ಹಿಂದಕ್ಕೆ ಹೋದರೆ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1938ರಲ್ಲೇ ಪುರಭವನವನ್ನು ಬೆಚ್ಚಗಿಡಲು ಪಕ್ಕದ ಲಿಮ್ಮಾಟ್ ನದಿಯ ನೀರಿಗೆ ಹೀಟ್ ಪಂಪ್ ಜೋಡಿಸಿದ್ದರು. ಹಾಗಾಗಿ 'ಜಗತ್ತಿನಲ್ಲೇ ಮೊದಲು' ಎಂಬ ಮಾತನ್ನು ದಯವಿಟ್ಟು ತಿದ್ದಿ. ಹೊಸದಾದ್ದರಿಂದ ದೊಡ್ಡದು ಎನ್ನುವುದಕ್ಕಿಂತ, ನುರಿತದ್ದಾದ್ದರಿಂದ ನಂಬಬಹುದು ಎನ್ನುವುದೇ ಓದುಗರಿಗೆ ಉಪಯೋಗದ ಮಾತು.

ನಮಗೆ ಇದರಿಂದ ಏನು, ಉಡುಪಿಯ ಸೆಕೆಯಲ್ಲಿ ಕೋಣೆ ಬೆಚ್ಚಗಾಗಬೇಕೆ ಎಂದು ಕೇಳುವವರಿದ್ದಾರೆ. ಕೋಣೆಗೆ ಬೇಡ. ಆದರೆ ಒಂದು ಸಂಗತಿಯನ್ನು ನಾನು ಹೇಳಲೇಬೇಕು.

1988ರ ಜುಲೈ. ನನ್ನ ಮಗಳು ಹುಟ್ಟಿದ್ದು ನಮ್ಮ ಕರಾವಳಿಯ ಒಂದು ಆಸ್ಪತ್ರೆಯಲ್ಲಿ. ಹೆಸರು ಬೇಡ, ಅಲ್ಲಿನ ದಾದಿಯರು ನಮ್ಮನ್ನು ಮನೆಯವರಂತೆ ನೋಡಿಕೊಂಡರು. ಆದರೆ ಬಾಣಂತಿಯರ ಕೋಣೆಗೆ ಬಿಸಿನೀರು ಇರಲಿಲ್ಲ. ಗೀಸರ್ ಕೆಟ್ಟು ತಿಂಗಳಾಗಿತ್ತು. ಹೊರಗೆ ಧೋ ಎಂದು ಮಳೆ. ಬೆಳಗಿನ ಐದು ಗಂಟೆಗೆ ಹೋಟೆಲಿನ ಹಿಂಬಾಗಿಲಲ್ಲಿ ನಿಂತು, ಮುಚ್ಚಳದ ಎರಡು ಸ್ಟೀಲ್ ಡಬ್ಬಗಳಲ್ಲಿ ಬಿಸಿನೀರು ಬೇಡಿ, ಅಂಗಿಯೊಳಗೆ ಒತ್ತಿಕೊಂಡು ಓಡುತ್ತಿದ್ದೆ. ದಾರಿಯಲ್ಲಿ ಒಂದು ಐಸ್ ಪ್ಲಾಂಟ್. ಟ್ರಾಲಿಂಗ್ ದೋಣಿಗಳು ದಡ ಸೇರಿದ್ದರೂ ಸ್ಥಳೀಯ ಮಾರುಕಟ್ಟೆಗೆಂದು ಅದರ ಒಂದು ಕಂಪ್ರೆಸರ್ ಓಡುತ್ತಿತ್ತು. ಮಾಡಿನ ಕಂಡೆನ್ಸರ್‌ನಿಂದ ಬೆಚ್ಚನೆಯ ನೀರು ಜಾರಿ ಚರಂಡಿಗೆ ಬೀಳುತ್ತಿತ್ತು, ಅದರಿಂದ ಹಬೆ ಏಳುತ್ತಿತ್ತು. ಆಸ್ಪತ್ರೆಗೂ ಅದಕ್ಕೂ ನಡೆದರೆ ಹತ್ತು ನಿಮಿಷ. ನಾನು ಮುಟ್ಟುವಷ್ಟರಲ್ಲಿ ಡಬ್ಬದ ನೀರು ಉಗುರು ಬೆಚ್ಚಗಾಗಿರುತ್ತಿತ್ತು. ನನ್ನ ಹೆಂಡತಿ ಒಂದು ಮಾತೂ ಆಡದೆ ಅದರಲ್ಲೇ ಮೈ ಒರೆಸಿಕೊಂಡಳು. ಆ ಚರಂಡಿಯ ಹಬೆ ಮಾತ್ರ ನನ್ನ ಕಣ್ಣಿನಿಂದ ಹೋಗಲಿಲ್ಲ. ಅಂದು ಹುಟ್ಟಿದ ಮಗಳ ಎಸ್ಬ್ಯೆರ್ ಮನೆಯಲ್ಲಿ ಮೊದಲ ದಿನ ನಲ್ಲಿ ತಿರುಗಿಸಿ ಬಿಸಿನೀರು ಬಂದಾಗಲೂ ನಾನು ಕಂಡದ್ದು ಅದನ್ನೇ.

ಒಂದು ಟನ್ ಐಸ್ ಮಾಡಲು ನಮ್ಮ ನೀರಿನಿಂದ ಹೊರತೆಗೆಯಬೇಕಾದ ಶಾಖ ಸುಮಾರು 130 ಯೂನಿಟ್. ಅದಕ್ಕೆ ಉರಿಯುವ ವಿದ್ಯುತ್ 50-60 ಯೂನಿಟ್. ಅದೂ ಕೊನೆಗೆ ಶಾಖವೇ ಆಗುತ್ತದೆ. ದಿನಕ್ಕೆ 20 ಟನ್ ಮಾಡುವ ಸಾಧಾರಣ ಪ್ಲಾಂಟ್ ಒಂದು ಮೂರೂವರೆ ಸಾವಿರ ಯೂನಿಟ್‌ಗೂ ಹೆಚ್ಚು ಶಾಖವನ್ನು ಪ್ರತಿದಿನ ಆಕಾಶಕ್ಕೆ ಬಿಡುತ್ತದೆ. ಎಲ್ಲವೂ ಬಳಕೆಗೆ ಬರುವಂಥದ್ದಲ್ಲ, ಅದರ ಬಹುಪಾಲು 35-40 ಡಿಗ್ರಿಯ ಬೆಚ್ಚನೆಯದು. ಆದರೆ ಕಂಪ್ರೆಸರ್‌ನಿಂದ ಹೊರಬೀಳುವ ಕ್ಷಣದಲ್ಲಿ ಅಮೋನಿಯಾ 100 ಡಿಗ್ರಿ ದಾಟಿರುತ್ತದೆ. ಅಲ್ಲೇ ಒಂದು ಶಾಖ ವಿನಿಮಯಕ, ಅಂದರೆ ಎರಡನ್ನೂ ಬೆರೆಸದೆ ಅಮೋನಿಯಾದ ಬಿಸಿಯನ್ನು ನೀರಿಗೆ ದಾಟಿಸುವ ಸಾಧನ, ಕೂರಿಸಿದರೆ, ಒಟ್ಟಿನ ಹತ್ತರಲ್ಲೊಂದು ಪಾಲು ಸಿಕ್ಕಿದರೂ, ದಿನಕ್ಕೆ ಹತ್ತು ಸಾವಿರ ಲೀಟರ್ ನೀರು 55 ಡಿಗ್ರಿಗೆ ಬರುತ್ತದೆ. ಬಾಣಂತಿಯರ ಸ್ನಾನಕ್ಕೆ, ಆಸ್ಪತ್ರೆಯ ಬಟ್ಟೆ ಒಗೆಯಲು, ವಿದ್ಯಾರ್ಥಿನಿಲಯದ ಅಡುಗೆಮನೆಗೆ ಧಾರಾಳ ಸಾಕು. ಎರಡು ಗೋಡೆಯ ವಿನಿಮಯಕವೇ ಆಗಬೇಕು. ಒಂದು ಕೊಳವೆ ತೂತಾದರೂ ಅಮೋನಿಯಾ ಆಸ್ಪತ್ರೆಯ ನೀರಿಗೆ ಬೆರೆಯಬಾರದು. ಇದರಲ್ಲಿ ಹಣ ಉಳಿಸಲು ಯಾರಾದರೂ ಹೊರಟರೆ ನಾನೇ ಮೊದಲು ವಿರೋಧಿಸುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿದ್ದಾಗ ಹೆಚ್ಚಿನ ಪ್ಲಾಂಟ್‌ಗಳು ನಿಲ್ಲುತ್ತವೆ. ಬಿಸಿನೀರು ಅತಿ ಬೇಕಾದ ಮಳೆಗಾಲವೂ ಅದೇ. ಆ 61 ದಿನಗಳಿಗೆ ಬೇರೆ ಒಲೆ ಇರಲೇಬೇಕು. ಎಸ್ಬ್ಯೆರ್‌ನವರು ಮರದ ಚೂರಿನ ಬಾಯ್ಲರ್ ಇಟ್ಟುಕೊಂಡಂತೆ ನಾವೂ ಒಂದನ್ನು ಇಟ್ಟುಕೊಂಡರಾಯಿತು.

ಕೊಳವೆ ಹಾಕುವವರು ಯಾರು ಎಂಬುದೇ ಕಷ್ಟದ ಪ್ರಶ್ನೆ. ಐಸ್ ಪ್ಲಾಂಟ್ ಖಾಸಗಿಯವರದು, ಆಸ್ಪತ್ರೆ ಸರ್ಕಾರದ್ದು, ರಸ್ತೆ ನಗರಸಭೆಯದು. ಮೂವರೂ ಒಂದೇ ಮೇಜಿಗೆ ಕುಳಿತದ್ದನ್ನು ನನ್ನ ಜೀವಮಾನದಲ್ಲಿ ಕಂಡಿಲ್ಲ. ಎಸ್ಬ್ಯೆರ್‌ನಲ್ಲಿ ಯಂತ್ರಕ್ಕಿಂತ ಮೊದಲು ಆದದ್ದು ಆ ಮೇಜು. ಬಂದರುಗಳ ಅಭಿವೃದ್ಧಿಗೆ ಯೋಜನೆ ಸಿದ್ಧಪಡಿಸುವ ಅಧಿಕಾರಿಗಳು, ಸುರತ್ಕಲ್ ಮತ್ತು ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ಪ್ಲಾಂಟ್, ಒಂದು ಆಸ್ಪತ್ರೆ, ನಡುವೆ ಒಂದು ಕೊಳವೆ ಎಂದು ಮೊದಲು ಕಾಗದದ ಮೇಲಾದರೂ ಎಳೆದು ನೋಡಲಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಲಿ. ತಾವೂ ಈ ವಿಷಯಕ್ಕೆ ಅರ್ಧ ಪುಟ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಬರಲು ಮನಸ್ಸಿರುವವರು ಆಗಸ್ಟ್ ನಂತರ ಬೆಳಗ್ಗೆ ಆರಕ್ಕೆ ಮಲ್ಪೆ ಬಂದರಿಗೆ ಬರಲಿ. ಪರಿಚಯದ ಪ್ಲಾಂಟಿಗೆ ಕರೆದುಕೊಂಡು ಹೋಗುತ್ತೇನೆ. ಒಂದು ಕೈಯನ್ನು ಹಿಮ ಕಟ್ಟಿದ ಪೈಪಿನ ಮೇಲೂ, ಇನ್ನೊಂದನ್ನು ಬಿಸಿ ಪೈಪಿನ ಹತ್ತಿರಕ್ಕೂ ಹಿಡಿಯಬಹುದು. ಚಪ್ಪಲಿ ಬೇಡ, ಗಟ್ಟಿ ಶೂ ಹಾಕಿಕೊಂಡು ಬನ್ನಿ, ನೆಲ ಜಾರುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಐಸ್ ಪ್ಲಾಂಟ್ ಫೋರ್‌ಮನ್
ಮಲ್ಪೆ, ಉಡುಪಿ ಜಿಲ್ಲೆ